ತಿಳಿಯಾದ ಕೆರೆ

“ಅಪ್ಪ ಕೆರೆಗೆ ಜಾರಿ ಬಿದ್ದು ಸತ್ತರು ಅಂತ ಎಲ್ಲರೂ ಹೇಳ್ತಿದ್ದಾರೆ ಅಕ್ಕಾ. ನನಗೆ ಮಾತ್ರ ಅದು ಗಂಟಲಲ್ಲಿ ಇಳೀತಿಲ್ಲ. ಯಾಕೆ ಅಂತ ಕೇಳಿದ್ರೆ ಹೇಳೋಕೂ ಬರಲ್ಲ.”

ನಾನು ನಮ್ಮ ಕನ್ನಡಕದಂಗಡಿಯ ಬಾಗಿಲು ತೆರೆದು ಚೌಕಟ್ಟುಗಳ ದೂಳು ಒರೆಸುತ್ತಿದ್ದಾಗ ಆಕೆ ಬಂದಳು. ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು, ಆದರೂ ಧ್ವನಿ ನಡುಗುತ್ತಿರಲಿಲ್ಲ. ನಮ್ಮ ಬೀದಿಯವರೆಲ್ಲ ‘ಹುಳದ ಮಾವ’ ಎಂದು ಕರೆಯುತ್ತಿದ್ದವರ ಒಬ್ಬಳೇ ಮಗಳು. ನಿನ್ನೆ ಬೆಳಿಗ್ಗೆ ಅವರ ಶವ ಮನೆಯ ಹಿಂದಿನ ಕೆರೆಯಲ್ಲಿ ತೇಲುತ್ತಿತ್ತು.

ಅವಳು ಬಂದಿದ್ದು ನನ್ನನ್ನು ನೋಡಲು ಅಲ್ಲ, ಅಕ್ಕನನ್ನು. ನನ್ನ ಒಡಹುಟ್ಟಿದ ಅಕ್ಕ ಈಗ ಬೀದಿಗೆಲ್ಲ ಅಕ್ಕ. ಪೊಲೀಸರ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕೂತು ಬೆನ್ನು ಬಾಗಿಸಿಕೊಂಡು ನಿವೃತ್ತಳಾದವಳು. ಕೂದಲೆಳೆ, ನೂಲು, ಮಣ್ಣಿನ ಕಣ ನೋಡಿ ಎಷ್ಟೋ ಜನರನ್ನು ಜೈಲಿಗೂ ಕಳಿಸಿದ್ದಾಳೆ, ಜೈಲಿನಿಂದ ಹೊರಗೂ ತಂದಿದ್ದಾಳೆ. ಮಾತಿಗೆ ಮಾತ್ರ ಮಹಾ ಜಿಪುಣಿ. ಆ ಕೊರತೆಯನ್ನು ನಾನು ತುಂಬುತ್ತೇನೆ.

ಅಕ್ಕ ಕುರ್ಚಿ ಎಳೆದು ಕೊಟ್ಟಳು. “ಕೂತ್ಕೋ ಮಗಳೇ. ಕಡೇ ಸಲ ಅಪ್ಪನ್ನ ಯಾವಾಗ ನೋಡಿದ್ದೆ?”

“ಮೊನ್ನೆ ಸಂಜೆ, ರಾತ್ರಿ ಪಾಳಿಗೆ ಹೊರಟಾಗ. ಹಿಂದಿನ ಜಗಲೀಲಿ ತೊಟ್ಟಿಗಳ ಮುಂದೆ ಕೂತಿದ್ರು. ಬೆಳಿಗ್ಗೆ ಬೇಗ ಬಾ, ನಿನಗೊಂದು ವಿಷಯ ಹೇಳಬೇಕು ಅಂದ್ರು. ನಾನು ಬರೋ ಹೊತ್ತಿಗೆ...” ಅವಳು ತುಟಿ ಕಚ್ಚಿಕೊಂಡಳು. “ಬೇಗ ಬರೋಕೂ ಆಗ್ಲಿಲ್ಲ ಅಕ್ಕಾ. ಮಕ್ಕಳ ವಾರ್ಡು ತುಂಬಿ ಹೋಗಿದೆ. ಎಲ್ಲಾ ವಾಂತಿ, ಹೊಟ್ಟೆನೋವು. ಹೋದ ವಾರ ಒಂದು ಮಗು ಉಳೀಲಿಲ್ಲ.”

“ಅಪ್ಪ ಇತ್ತೀಚೆಗೆ ಹೇಗಿದ್ರು?”

“ಮಂಕಾಗಿದ್ರು. ಮೊನ್ನೆ ಸಂಜೆ ಯಾರ ಜೊತೆಗೋ ಜಗಳ ಆಡಿ ಬಂದಿದ್ರು, ಯಾರು ಅಂತ ಹೇಳಲಿಲ್ಲ. ಒಂದು ತೊಟ್ಟಿಗೆ ನಲ್ಲಿ ನೀರು ಹಾಕಿದ್ರಂತೆ, ಅದರಲ್ಲಿದ್ದ ಹುಳ ಎಲ್ಲಾ ಸತ್ತುಹೋದ್ವು. ಆಮೇಲೆ ಪೀಪಾಯಿಯ ಮಳೆನೀರು ಬಿಟ್ಟು ಬೇರೆ ಮುಟ್ಟಲಿಲ್ಲ. ಹುಳ ಸತ್ತಿದ್ದಕ್ಕೆ ಇಷ್ಟು ಕೊರಗ್ತೀರಲ್ಲಪ್ಪಾ ಅಂತ ನಾನು ನಕ್ಕಿದ್ದೆ.”

ಅಕ್ಕ ಎದ್ದು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡಳು. ನಾನು ಅಂಗಡಿಯ ಬಾಗಿಲು ಮತ್ತೆ ಎಳೆದೆ.

ಆ ಮನೆಯ ಹಿಂದಿನ ಜಗಲಿಗೆ ಕಾಲಿಟ್ಟೆವು. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು. ಮೀನಿನಂಗಡಿಯಲ್ಲಿರುವಂಥ ಬಣ್ಣದ ಕಲ್ಲು, ಗುಳ್ಳೆ ಬಿಡುವ ಯಂತ್ರ ಒಂದೂ ಇಲ್ಲ. ಹಸಿರು ಮಬ್ಬಿನ ನೀರು, ಅದರೊಳಗೆ ಏನೋ ಸರಿದಾಡುವ ನೆರಳು. ಹುಳದ ಮಾವ ಕೆರೆಯಲ್ಲಿ ಬಲೆ ಹಾಕಿ ಸಿಕ್ಕಿದ್ದನ್ನೆಲ್ಲ ತಂದು, ಬಿಳಿ ತಟ್ಟೆಗೆ ಸುರಿದು, ಕಾಲೆಷ್ಟು ಬಾಲವೆಷ್ಟು ಉಸಿರಾಡುವುದು ಎಲ್ಲಿಂದ ಎಂದು ನೋಡಿ ಗುರುತು ಹಿಡಿದು ಬೇರೆ ಬೇರೆ ತೊಟ್ಟಿಗೆ ಬಿಡುತ್ತಿದ್ದರು. ಒಂದರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ ಕಲ್ಲಿನ ಹಾಗೆ ಅಲುಗಾಡದೆ ಕೂತಿತ್ತು. ನಾನು ಬಗ್ಗಿ ನೋಡುತ್ತಿದ್ದಂತೆ ಅದು ಕೆಳದವಡೆಯನ್ನು ಕೈಯಂತೆ ಮುಂದಕ್ಕೆ ಚಾಚಿ, ಹಾದು ಹೋಗುತ್ತಿದ್ದ ಸೊಳ್ಳೆಮರಿಯನ್ನು ಬಾಚಿ ತಿಂದಿತು. ಅಷ್ಟೂ ಸದ್ದಿಲ್ಲದೆ ನಡೆಯಿತು.

“ಕೊಲ್ಲೋವು ಎಡಗಡೆ, ಸಾಧುಗಳು ಬಲಗಡೆ,” ಮಗಳು ತೋರಿಸಿದಳು. “ಅಪ್ಪ ಅಪ್ಪಿತಪ್ಪಿಯೂ ಎರಡನ್ನ ಸೇರಿಸ್ತಿರಲಿಲ್ಲ. ಕೆರೆ ಹತ್ರಾನೇ ಬೇರೆ ಬೇರೆ ಜಾಡಿಗೆ ಹಾಕ್ಕೊಂಡು ಬರೋರು. ಇದು ನೋಡಿ ಅಂಗಾತಿ. ಅಪ್ಪ ಇಟ್ಟ ಹೆಸರು.”

ಹೆಬ್ಬೆರಳ ಉಗುರಿನಷ್ಟಿರುವ ಮಾಸಲು ಕಂದು ಹುಳಗಳು. ಅಂಗಾತ ಮಲಗಿ, ಉದ್ದನೆಯ ಎರಡು ಕಾಲನ್ನು ಹುಟ್ಟಿನಂತೆ ಬೀಸುತ್ತ ಈಜುತ್ತಿದ್ದವು. ತುಂಬಾ ಹೊತ್ತು ಪಾಚಿಯೆಳೆಗಳ ನಡುವೆ ಅಡಗಿ ಕೂರುತ್ತಿದ್ದವು.

“ಇದು ಸೂಜಿ ಚುಚ್ಚಿ ರಸ ಹೀರುತ್ತೆ. ಸಿಪ್ಪೆ ಹಾಗೇ ಉಳಿಯುತ್ತೆ,” ಎಂದಳು ಅಕ್ಕ.

ಅಷ್ಟರಲ್ಲಿ ಒಳಗಿನಿಂದ ಇಬ್ಬರು ಬಂದರು. ಒಬ್ಬರು ಸತ್ತವರ ತಮ್ಮ, ಇವಳ ಚಿಕ್ಕಪ್ಪ. ಕೆರೆಯ ಮೇಲ್ದಂಡೆಯಲ್ಲಿ ನಲ್ಲಿ, ಬೀಗ, ಬಾಗಿಲ ಹಿಡಿಕೆಗಳಿಗೆ ಹೊಳಪಿನ ಲೇಪ ಹಾಕುವ ಕಾರ್ಖಾನೆ ಅವರದು. ಇನ್ನೊಬ್ಬ ಇವಳ ಗಂಡ, ನೀರು ಸರಬರಾಜು ಕಚೇರಿಯ ಪರೀಕ್ಷಾಲಯದಲ್ಲಿ ಕೆಲಸ. ಮನೆಅಳಿಯ. ಮೆದು ಮಾತಿನವನು, ನಮ್ಮಂಗಡಿಯಲ್ಲೇ ಕನ್ನಡಕ ಮಾಡಿಸಿಕೊಂಡವನು.

“ಮೊನ್ನೆ ಸಂಜೆ ಅಣ್ಣನ ಜೊತೆ ಜಗಳ ಆಡಿದ್ದು ನೀವೇನಾ?” ಅಕ್ಕ ನೇರವಾಗಿ ಕೇಳಿದಳು.

ಚಿಕ್ಕಪ್ಪ ಕೆಂಪಾದರು. “ಅಣ್ಣತಮ್ಮಂದಿರು ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನನ್ನ ಕಾರ್ಖಾನೆ ವಿಷಯ ನಿಮಗ್ಯಾಕೆ?”

“ಕಾರ್ಖಾನೆ ಅಂತ ನಾನು ಅನ್ನಲೇ ಇಲ್ಲವಲ್ಲ,” ಎಂದಳು ಅಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅಳಿಯ ಸಮಾಧಾನದ ದನಿಯಲ್ಲಿ ಹೇಳಿದ. “ಮಾವ ನಿನ್ನೆ ನಸುಕಿನಲ್ಲೇ ಬಲೆ ಹಿಡ್ಕೊಂಡು ಹೋದ್ರು ಅಕ್ಕಾ. ಹಿಂಬಾಗಿಲ ಸದ್ದು ಕೇಳಿಸ್ತು. ಆಮೇಲೆ ಸುದ್ದಿ ಬಂತು. ನನಗಂತೂ ಕೆರೆ ಹತ್ರ ಹೋಗೋ ಧೈರ್ಯಾನೇ ಆಗ್ಲಿಲ್ಲ. ಚಿಕ್ಕಮಾವನೇ ಹೋಗಿ ಗುರುತು ಹಿಡಿದ್ರು. ದಡದ ಪಾಚಿ ಮೇಲೆ ಕಾಲಿಟ್ಟು ಜಾರಿರಬೇಕು. ಪಾಪ, ಕಡೇ ಗಳಿಗೇಲೂ ಪ್ರಾಣಕ್ಕಿಂತ ಹೆಚ್ಚಾದ ಹುಳಾನೇ ಹಿಡಿದಿದ್ರು. ಜಾಡಿ ತುಂಬಾ ಮುಬ್ಬಾಲದ ಮರಿಗಳು. ಅವು ಶುದ್ಧ ನೀರಲ್ಲಿ ಬಿಟ್ಟು ಬೇರೆಲ್ಲೂ ಬದುಕಲ್ಲ. ನಮ್ಮ ಕೆರೆ ಅಷ್ಟು ಚೆನ್ನಾಗಿದೆ ಅಂತ ಮಾವನಿಗೆ ಹೆಮ್ಮೆ.”

ಮುಬ್ಬಾಲವೆಂದರೆ ಏನು ಎಂದು ಕೇಳಿದೆ. ಮಗಳು ಬಲಗಡೆಯ ಒಂದು ತೊಟ್ಟಿಯಿಂದ ಕಲ್ಲೊಂದನ್ನು ತಿರುವಿ ತೋರಿಸಿದಳು. ಅಕ್ಕಿಕಾಳಿನಷ್ಟು ಉದ್ದದ, ತೆಳ್ಳಗಿನ ಮರಿಗಳು ಕಲ್ಲಿಗೆ ಅಂಟಿಕೊಂಡಿದ್ದವು. ಬಾಲದಲ್ಲಿ ಕೂದಲಿನಂಥ ಮೂರೆಳೆ. ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುವ ಹುಳದ ಮರಿಯಂತೆ. ಅವಳು ಹುಬ್ಬು ಗಂಟಿಕ್ಕಿದಳು. “ಇಷ್ಟು ಕಮ್ಮಿ ಇರಲಿಲ್ಲ. ಕಲ್ಲಿನ ತುಂಬಾ ಇದ್ವು.”

ಅಕ್ಕ ಮೂಲೆಯ ಸಿಮೆಂಟ್ ಬಾನಿಯ ಮೇಲೆ ಬಗ್ಗಿದಳು. ಎಮ್ಮೆಗೆ ನೀರಿಡುವಷ್ಟು ದೊಡ್ಡದು. ಉಳಿದೆಲ್ಲ ತೊಟ್ಟಿಗಳು ಮಬ್ಬಾಗಿದ್ದರೆ ಇದರ ನೀರು ಕನ್ನಡಿಯ ಹಾಗಿತ್ತು. ತಳದಲ್ಲಿ ಬಿಳಿ ಹೊಟ್ಟಿನಂಥದ್ದೇನೋ ಪದರವಾಗಿ ಕೂತಿತ್ತು.

“ಇದರಲ್ಲಿ ಏನಿತ್ತು?”

“ನೀರುಚಿಗಟ, ಚುಕ್ಕಿಯಷ್ಟೇ ಇರೋ ಹುಳ. ಬೇರೆ ಹುಳಗಳಿಗೆ ಹಾಕೋಕೆ ಅಪ್ಪ ಬೆಳೆಸ್ತಿದ್ರು. ಕುಣೀತಾ ಇರೋವು, ನೀರೇ ಕಾಣ್ತಿರಲಿಲ್ಲ. ಇಷ್ಟು ತಿಳಿ ಯಾವಾಗಾಯ್ತೋ!” ಎಂದಳು ಮಗಳು.

ಅಕ್ಕ ಬೆರಳದ್ದಿ ಆ ಹೊಟ್ಟನ್ನು ಉಗುರ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದಳು.

ಠಾಣೆಯ ಇನ್ಸ್‌ಪೆಕ್ಟರ್ ಅಕ್ಕನಿಗೆ ಹಳೆಯ ಪರಿಚಯ. “ನೀವು ಬಂದ್ರಿ ಅಂದ್ರೆ ನನ್ನ ನಿದ್ದೆಗೆ ಸಂಚಕಾರ ಅಂತಲೇ ಅರ್ಥ ಮೇಡಂ,” ಎನ್ನುತ್ತಲೇ ಸತ್ತವರ ಅಂಗಿಯನ್ನೂ ಗಾಜಿನ ಜಾಡಿಯನ್ನೂ ಮೇಜಿನ ಮೇಲಿಟ್ಟರು. “ಆಸ್ಪತ್ರೆಯವರು ನೀರು ಕುಡಿದೇ ಸತ್ತಿದ್ದು ಅಂದಿದ್ದಾರೆ. ಮೈ ನೀರಲ್ಲೇ ಇದ್ದಿದ್ರಿಂದ ಹೊತ್ತು ಮಾತ್ರ ಖಚಿತ ಹೇಳೋಕಾಗಲ್ವಂತೆ.”

ಜಾಡಿಯಲ್ಲಿ ಒಂದು ಹಿಡಿ ಪಾಚಿ, ಅದರ ನಡುವೆ ಎರಡು ಅಂಗಾತಿಗಳು. ಇನ್ನೇನೂ ಇರಲಿಲ್ಲ. ತಳದಲ್ಲಿ ಒಂದಿಷ್ಟು ನಾರಿನಂಥ ಕಸ.

“ನೀವು ಎತ್ತಿಕೊಂಡಾಗಲೂ ಹೀಗೇ ಇತ್ತಾ?”

“ಹೀಗೇ. ದಡದಿಂದ ಎತ್ತಿ ಚೀಲಕ್ಕೆ ಹಾಕಿದವನು ನಾನೇ. ಆಗಲೂ ಈ ಎರಡೇ ಹುಳ. ಶವ ಮೊದಲು ನೋಡಿದ ಮೀನಿನಂಗಡಿಯವನನ್ನ ಬಿಟ್ಟು ಬೇರೆ ಯಾರ ಕಣ್ಣಿಗೂ ಈ ಜಾಡಿ ಬಿದ್ದಿಲ್ಲ. ಅವನ ಮೇಲೇ ನನಗೂ ಸ್ವಲ್ಪ ಅನುಮಾನ. ಅವನ ಮೀನಿಗೆ ರೋಗ ಇದೆ ಅಂತ ಹುಳದ ಮಾವ ಊರೆಲ್ಲ ಹೇಳಿದ್ರಂತೆ. ಇಬ್ಬರಿಗೂ ಎಣ್ಣೆ ಸೀಗೇಕಾಯಿ.”

ಅಕ್ಕ ಆ ಕಸವನ್ನು ಗಾಜಿನ ಚೂರಿನ ಮೇಲೆ ಹರಡಿ ಬಹಳ ಹೊತ್ತು ನೋಡಿದಳು. ಆಮೇಲೆ ಅಂಗಿಯ ಜೇಬನ್ನು ಒಳಮುಖ ತಿರುಗಿಸಿ, ಹೊಲಿಗೆಯ ಸಂದಿಯನ್ನು ಸೂಜಿಯಿಂದ ಕೆದಕಿ ಅದನ್ನೂ ನೋಡಿದಳು. “ಒಂದು ಬಲೆ ಕೊಡಿ. ಕೆರೆಗೆ ಹೋಗಿ ಬರೋಣ,” ಎಂದಳು.

ಆ ಕೆರೆಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಆದರೂ ಅಂದು ಅಪರಿಚಿತ ಜಾಗಕ್ಕೆ ಹೋದಂತಿತ್ತು. ಏರಿಯ ಮೇಲಿನ ಪಂಪುಮನೆ ಗುಂಯ್ ಎನ್ನುತ್ತ ನಮ್ಮ ಬಡಾವಣೆಗೂ ದೊಡ್ಡಾಸ್ಪತ್ರೆಗೂ ನೀರೆತ್ತುತ್ತಿತ್ತು. ಅದು ಬಿಟ್ಟರೆ ಒಂದು ಸದ್ದಿಲ್ಲ. ಕಪ್ಪೆ ಕೂಗಲಿಲ್ಲ. ನೀರ ಮೇಲೆ ಓಡಾಡುವ ಹುಳದ ಗೆರೆ ಒಂದೂ ಮೂಡಲಿಲ್ಲ. ಕೊಕ್ಕರೆಗಳು ಎತ್ತ ಹೋಗಿದ್ದವೋ. ನೀರು ಮಾತ್ರ ತಿಳಿಯಾಗಿ, ತುಸು ನೀಲಿಯಾಗಿ, ತಳದ ಕಲ್ಲುಕಲ್ಲೂ ಕಾಣುವಂತೆ ಹೊಳೆಯುತ್ತಿತ್ತು. ಸಂಜೆಯ ವಾಯುವಿಹಾರಕ್ಕೆ ಬಂದ ದಂಪತಿ ನಮ್ಮನ್ನು ನೋಡಿ, “ಎಷ್ಟು ಚೆನ್ನಾಗಾಗಿದೆ ಅಲ್ವಾ ಕೆರೆ!” ಎಂದು ಹೊಗಳಿಕೊಂಡೇ ಹೋದರು.

ಅಕ್ಕ ಬಲೆಯನ್ನು ದಡದ ಜೊಂಡಿನಡಿ ಎಳೆದಳು. ಬಿಳಿ ತಟ್ಟೆಗೆ ಕೊಡವಿದಳು. ಮಣ್ಣು. ಇನ್ನೊಂದು ಕಡೆ ಎಳೆದಳು. ಮತ್ತೆ ಮಣ್ಣು, ಖಾಲಿ ಬಸವನಹುಳದ ಚಿಪ್ಪು. ಪೂರ್ತಿ ದಡ ಸುತ್ತಿದರೂ ತಟ್ಟೆಯಲ್ಲಿ ಮಿಸುಕುವ ಒಂದು ಜೀವ ಬೀಳಲಿಲ್ಲ.

ಅಕ್ಕನ ಮುಖ ಬಿಳಚಿಕೊಂಡದ್ದನ್ನು ನಾನು ನೋಡಿದ್ದು ಅಪರೂಪ. “ಇನ್ಸ್‌ಪೆಕ್ಟರೇ, ಒಂದು ಬಾಟಲಿ ನೀರು ತಗೊಂಡು ಪರೀಕ್ಷಾಲಯದ ಮುಖ್ಯಸ್ಥರ ಕೈಗೇ ಕೊಡಿ. ಬೇರೆ ಯಾರ ಕೈಗೂ ಬೇಡ. ಪಂಪು ನಿಲ್ಲಿಸೋಕೆ ಹೇಳಿ. ಆಸ್ಪತ್ರೆಗೆ ನಾನು ಫೋನ್ ಮಾಡ್ತೀನಿ. ಆಮೇಲೆ ಎಲ್ಲರನ್ನೂ ಆ ಜಗಲಿಗೆ ಸೇರಿಸಿ.”

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಜಗಲಿಯಲ್ಲಿದ್ದರು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಗಂಡ. ಚಿಕ್ಕಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೀನಿನಂಗಡಿಯವನು ಕೈಕಟ್ಟಿ ಗೋಡೆಯ ಬಳಿ ನಿಂತು, “ನಾನೇನೂ ಮಾಡಿಲ್ಲ, ನೋಡಿದ್ದಷ್ಟೇ ನನ್ನ ಕರ್ಮ,” ಎಂದು ಗೊಣಗುತ್ತಿದ್ದ. ಕೊನೆಗೆ ಇನ್ಸ್‌ಪೆಕ್ಟರ್ ಇಬ್ಬರು ಪೇದೆಗಳೊಂದಿಗೆ ಬಂದರು. ಅವರ ಮುಖ ಗಡುಸಾಗಿತ್ತು.

“ಪಂಪು ನಿಲ್ಲಿಸಿದ್ರು ಮೇಡಂ. ನೀರಲ್ಲಿ ತಾಮ್ರ, ಇನ್ನೂ ಏನೇನೋ ವಿಷ ಇದೆಯಂತೆ. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು.”

ಚಿಕ್ಕಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಅಕ್ಕ ಮಾತು ಶುರುಮಾಡಿದಳು. “ಕೆರೆ ಚೆನ್ನಾಗಾಗಿಲ್ಲ, ಸತ್ತಿದೆ. ನೀರನ್ನ ಮಬ್ಬು ಮಾಡ್ತಿದ್ದ ಜೀವಗಳೆಲ್ಲ ಸತ್ತಿದ್ರಿಂದ ತಿಳಿಯಾಗಿದೆ. ನಲ್ಲಿ ನೀರು ಹಾಕಿದ ತೊಟ್ಟಿಯಲ್ಲಿ ಹುಳ ಸತ್ತಾಗಲೇ ನಿಮ್ಮಪ್ಪನಿಗೆ ಸುಳಿವು ಸಿಕ್ತು ಮಗಳೇ. ನಲ್ಲಿಗೆ ನೀರು ಬರೋದು ಆ ಕೆರೆಯಿಂದ. ಬಲೆ ಹಾಕಿದ್ರು, ಏನೂ ಸಿಗಲಿಲ್ಲ. ಮೇಲ್ದಂಡೆಯಲ್ಲಿ ತಮ್ಮನ ಕಾರ್ಖಾನೆ ಇದೆ. ಕೇಳೋಕೆ ಹೋದ್ರು.”

“ಕೊಳೆನೀರಿನ ಗುಂಡಿ ಬಿರುಕು ಬಿಟ್ಟಿತ್ತು,” ಚಿಕ್ಕಪ್ಪ ತಗ್ಗಿದ ದನಿಯಲ್ಲಿ ಹೇಳಿದರು. “ಕಾರ್ಖಾನೆ ಮುಚ್ಚು ಅಂದ. ಆಗಲ್ಲ ಅಂದೆ. ಆದ್ರೆ ನಾನು ಅಣ್ಣನ ಮೈ ಮುಟ್ಟಿಲ್ಲ. ದೇವರಾಣೆ!”

“ಗೊತ್ತು,” ಎಂದಳು ಅಕ್ಕ. “ಸತ್ತ ಕೆರೆಗೆ ಹುಳ ಹಿಡಿಯೋಕೆ ಅವರು ಯಾಕೆ ಹೋಗ್ತಾರೆ? ಹೋಗಲಿಲ್ಲ. ಅವರ ಜೇಬಿನ ಹೊಲಿಗೆಯಲ್ಲಿ ನೀರುಚಿಗಟ ಸಿಕ್ಕಿಕೊಂಡಿದ್ವು. ಕೆರೆಯಲ್ಲಿ ಒಂದು ಚಿಗಟ ಉಳಿದಿಲ್ಲ. ಅವು ಇದ್ದದ್ದು ಈ ಬಾನಿಯಲ್ಲಿ. ಅವರು ಮುಳುಗಿದ್ದು ಇಲ್ಲೇ, ನಾವು ನಿಂತಿರೋ ಜಾಗದಲ್ಲೇ.”

ಮಗಳ ಬಾಯಿಂದ ಸಣ್ಣ ಚೀತ್ಕಾರ ಹೊರಟಿತು. ಮೀನಿನಂಗಡಿಯವನು ಬಾನಿಯಿಂದ ದೂರ ಸರಿದ.

“ಒದ್ದಾಟದಲ್ಲಿ ಅರ್ಧ ಬಾನಿ ಚೆಲ್ಲಿಹೋಯ್ತು. ಅದು ಎದ್ದು ಕಾಣುತ್ತೆ ಅಂತ ಕೊಲೆಗಾರ ನಲ್ಲಿ ನೀರು ತುಂಬಿಸಿದ. ಉಳಿದ ಚಿಗಟ ಸತ್ತು ತಳಕ್ಕೆ ಕೂತವು. ಶವಾನ ಹಿಂಬಾಗಿಲಿಂದ ಕೆರೆಗೆ ಸಾಗಿಸಿದ. ಬಲೆ, ಜಾಡಿ ದಡದಲ್ಲಿಟ್ಟ. ಇನ್ನು ಜಾಡಿ ವಿಷಯ.” ಅಕ್ಕ ಅದನ್ನು ದೀಪದ ಕೆಳಗಿಟ್ಟಳು. “ಏನಪ್ಪಾ, ನೀನು ಇದನ್ನ ನೋಡಿದಾಗ ಏನಿತ್ತು?”

ಮೀನಿನಂಗಡಿಯವನು ಕತ್ತು ಚಾಚಿದ. “ಇವೇ ಎರಡು ಹೀರೋ ಹುಳ. ಮೀನುಮರಿ ಹತ್ರ ಇವು ಬಂದ್ರೆ ನಾನು ನಿದ್ದೆ ಮಾಡಲ್ಲ. ಬೇರೇನೂ ಇರಲಿಲ್ಲ.”

“ಇನ್ಸ್‌ಪೆಕ್ಟರ್ ನೋಡಿದ್ದೂ ಇಷ್ಟೇ. ಆದ್ರೆ ತಳದ ಕಸ ಕಸ ಅಲ್ಲ. ಸಿಪ್ಪೆ. ಒಂದೊಂದರ ಬಾಲದಲ್ಲೂ ಮೂರೆಳೆ. ಕೊಲೆಗಾರ ಕಲ್ಲು ತಿರುವಿ ತಿರುವಿ ಮುಬ್ಬಾಲದ ಮರಿಗಳನ್ನೇ ಆರಿಸಿ ಜಾಡಿಗೆ ಹಾಕಿದ. ಸುಮ್ಮನೆ ಕೈಗೆ ಸಿಕ್ಕ ಹುಳ ಹಾಕೋನಾಗಿದ್ರೆ ದೊಡ್ಡ ಬಸವನಹುಳ, ಜೀರುಂಡೆ ಹಾಕ್ತಿದ್ದ. ಇವನ್ನೇ ಯಾಕೆ? ಇವು ಇದ್ದ ಕಡೆ ನೀರು ಶುದ್ಧ ಅಂತ ಪುಸ್ತಕ ಓದಿದವರಿಗೆ ಗೊತ್ತು. ಕೆರೆ ಚೆನ್ನಾಗಿದೆ ಅಂತ ಸತ್ತವರ ಕೈಯಲ್ಲೇ ಸಾಕ್ಷಿ ಹೇಳಿಸೋಕೆ. ಕೆರೆಯದು ಅಂತ ಕಾಣಲಿ ಅಂತ ಪಕ್ಕದ ತೊಟ್ಟಿಯಿಂದ ಒಂದು ಹಿಡಿ ಪಾಚಿ ತುರುಕಿದ. ಆ ಮಬ್ಬಿನಲ್ಲಿ ಪಾಚಿಯೊಳಗೆ ಅಡಗಿದ್ದ ಅಂಗಾತಿಗಳು ಅವನಿಗೆ ಕಾಣಲಿಲ್ಲ. ಬೆಳಗಾಗೋದ್ರೊಳಗೆ ಅವು ಸಾಕ್ಷಿಗಳನ್ನೆಲ್ಲ ಹೀರಿ ಮುಗಿಸಿದ್ವು.”

ಅಕ್ಕ ಕನ್ನಡಕ ತೆಗೆದಳು.

“ಜಾಡಿಯಲ್ಲಿ ಮುಬ್ಬಾಲ ಇದ್ವು ಅನ್ನೋದು ಬೆಳಿಗ್ಗೆ ಅದನ್ನ ನೋಡಿದ ಯಾರಿಗೂ ಗೊತ್ತಿರೋಕೆ ಸಾಧ್ಯ ಇಲ್ಲ. ನನಗೂ ಭೂತಗನ್ನಡಿ ಬೇಕಾಯ್ತು. ಆದ್ರೆ ಕೆರೆ ಹತ್ರಾನೇ ಹೋಗದವರೊಬ್ಬರು ನನಗೆ ಹೇಳಿದ್ರು, ಜಾಡಿ ತುಂಬಾ ಮುಬ್ಬಾಲದ ಮರಿಗಳು ಅಂತ.”

ಎಲ್ಲರ ಕಣ್ಣೂ ಅಳಿಯನ ಕಡೆ ಹೊರಳಿದವು.

“ಯಾರೋ... ಯಾರೋ ಹೇಳಿದ್ರು,” ಎಂದ ಅವನು. ಮೀನಿನಂಗಡಿಯವನ ಕಡೆ ನೋಡಿದ. ಮೀನಿನವನು ಇಲ್ಲವೆಂದು ತಲೆಯಾಡಿಸಿದ.

“ನಿಮ್ಮ ಮುಖ್ಯಸ್ಥರು ಎಲ್ಲಾ ಹೇಳಿದ್ದಾರೆ,” ಎಂದರು ಇನ್ಸ್‌ಪೆಕ್ಟರ್. “ವಾರ ವಾರ ಆ ಕೆರೆ ನೀರು ಪರೀಕ್ಷೆ ಮಾಡಬೇಕಾದೋರು ನೀವು. ಮಾಡದೇನೇ ಶುದ್ಧ ಅಂತ ಸಹಿ ಹಾಕ್ತಾ ಬಂದಿದ್ದೀರಿ.”

ಅಳಿಯ ಹೊಸ್ತಿಲ ಮೇಲೆ ಕೂತ. “ಎಷ್ಟೋ ವರ್ಷದಿಂದ ಚೆನ್ನಾಗೇ ಇತ್ತು. ದಿನಾ ನೋಡೋದೇನಿದೆ ಅಂದ್ಕೊಂಡೆ. ಮಗು ಸತ್ತ ಸುದ್ದಿ ಬಂದ್ಮೇಲೆ ಪರೀಕ್ಷೆ ಮಾಡಿದೆ. ನನಗೆ ನಡುಕ ಹತ್ತಿಬಿಡ್ತು. ಮಾವನೂ ಅಷ್ಟರಲ್ಲಿ ಕಂಡುಹಿಡಿದಿದ್ರು. ನಾಳೆ ಎಲ್ಲರಿಗೂ ಹೇಳ್ತೀನಿ, ನೀನೇ ಮೊದಲು ಹೋಗಿ ಒಪ್ಕೋ ಅಂದ್ರು. ಕಾಲು ಹಿಡ್ಕೊಂಡೆ. ಅವರು ಬೆನ್ನು ತಿರುಗಿಸಿ ಬಾನಿಯ ಮೇಲೆ ಬಗ್ಗಿದ್ರು. ಚಿಗಟಗಳಿಗೆ ಏನೋ ಹಾಕ್ತಿದ್ರು...”

ಮಗಳು ಅವನ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ.

“ನಿಮಗೆ ಗೊತ್ತಿತ್ತಾ?” ಎಂದಳು. “ನೀರಲ್ಲಿ ವಿಷ ಇದೆ ಅಂತ ಗೊತ್ತಿದ್ದೂ, ಇಷ್ಟು ದಿನ ಸುಮ್ಮನಿದ್ರಾ? ನಾನು ವಾರ್ಡಲ್ಲಿ ಆ ಮಕ್ಕಳಿಗೆ ಬಾಯಾರಿಕೆ ಅಂದಾಗಲೆಲ್ಲ ಅದೇ ನೀರು ಕುಡಿಸ್ತಿದ್ದೆ ರೀ.”

ಪೇದೆಗಳು ಅವನನ್ನೂ ಚಿಕ್ಕಪ್ಪನನ್ನೂ ಕರೆದುಕೊಂಡು ಹೋದರು. ಜೀಪಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಅವಳು ಅಳುತ್ತಾಳೆ, ಹಿಡಿದುಕೊಳ್ಳೋಣ ಎಂದು ನಾನು ಹತ್ತಿರ ಹೋದೆ.

“ಇನ್ಸ್‌ಪೆಕ್ಟರೇ, ಜನಕ್ಕೆ ಯಾವಾಗ ಹೇಳ್ತಾರೆ?” ಎಂದು ಕೇಳಿದಳು.

“ನಾಳೆ ಬೆಳಿಗ್ಗೆ ಮೈಕು ಕಟ್ಟಿದ ಗಾಡಿ ಕಳಿಸ್ತಾರಂತೆ. ಪಂಪು ಹೇಗೂ ನಿಂತಿದೆಯಲ್ಲಮ್ಮಾ.”

“ಪಂಪು ನಿಂತ್ರೆ? ಮನೆಮನೆ ಮಾಳಿಗೆ ತೊಟ್ಟಿಯಲ್ಲಿ, ಕೊಡದಲ್ಲಿ ಅದೇ ನೀರಿದೆ. ಈಗ ಎಲ್ಲರೂ ಊಟಕ್ಕೆ ಕೂರೋ ಹೊತ್ತು.”

ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಪಕ್ಕದ ಮನೆಯ ಬಾಗಿಲು ತಟ್ಟಿದಳು. ತೆರೆದ ಹೆಂಗಸು, “ಅಯ್ಯೋ, ನಿಮ್ಮಪ್ಪನ ವಿಷಯ ಕೇಳಿ...” ಎಂದು ಶುರುಮಾಡುತ್ತಿದ್ದಂತೆ ಅವಳು ತಡೆದಳು.

“ಆಮೇಲೆ ಮಾತಾಡೋಣ ಅತ್ತೆ. ಮೊದಲು ಕೊಡದ ನೀರು ಚೆಲ್ಲಿ. ಮಕ್ಕಳಿಗೆ ಒಂದು ತೊಟ್ಟೂ ಕೊಡಬೇಡಿ.”

ಅಕ್ಕ ನನ್ನ ಕಡೆ ನೋಡಿದಳು. “ನೀನು ಎದುರು ಸಾಲು ಹಿಡಿ. ನಾನು ಕೆಳಗಿನ ಬೀದಿಗೆ ಹೋಗ್ತೀನಿ,” ಎಂದಳು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಮ್ಮ ಹಿಂದೆಯೇ ಇಳಿದರು. ನಾನು ರಸ್ತೆ ದಾಟಿ ಮೊದಲ ಮನೆಯ ಕರೆಗಂಟೆ ಒತ್ತಿದೆ.